ಎರಡು ಸೆಕೆಂಡು

ಗುತ್ತಲು ರಸ್ತೆಯ ಟ್ಯುಟೋರಿಯಲ್ಲಿನ ಮಹಡಿ.
ಕಿಟಕಿಗೆ ಗೊಬ್ಬರದ ಚೀಲ ಹೊಡೆದು
ಮಂಡ್ಯದ ಮಧ್ಯಾಹ್ನವನ್ನು ಹೊರಗೆ ನಿಲ್ಲಿಸಿದ್ದರು.
ಗೋಡೆಗೆ ಬಿಳಿ ಪಂಚೆ. ಅದರ ಜರಿಯಂಚು
ಆಗಾಗ ಜಪಾನಿನ ಆಕಾಶದಲ್ಲಿ ಮಿನುಗುತ್ತಿತ್ತು.
ಪ್ರೊಜೆಕ್ಟರು ಮುಕ್ತಿಯಾರನದು, ಮದುವೆಗಳಿಲ್ಲದ ಭಾನುವಾರ.

ಹದಿನೇಳು ಜನ. ಹೆಂಗಸರು ನಾವಿಬ್ಬರೇ:
ಸ್ಟಾಫ್ ನರ್ಸು ಲೂರ್ದು ಮೇರಿ, ಮತ್ತೆ ನಾನು.
ಅವಳು ಬಂದದ್ದು ನನ್ನ ಜೊತೆಗೆಂದು,
ನಾನು ಬಂದದ್ದು ಪೋಸ್ಟರಿನ ಕೈ ಕಂಡು.
ಅದಕ್ಕೆ ಹನ್ನೊಂದು ಬೆರಳಿದ್ದವು.

ಕೊಡೆ ಕಾರ್ಖಾನೆಯ ಲೆಕ್ಕಿಗ ಒಬ್ಬ.
ಒಂದು ದಿನ ಊಟಕ್ಕೆ ಕಡ್ಡಿ ಹಿಡಿಯಲು ಹೋದರೆ
ಕಿರುಬೆರಳ ಪಕ್ಕ ಇನ್ನೊಂದು. ಉಕ್ಕಿನದು.
ಮಾರನೆ ದಿನ ಎರಡು. ವಾರದಲ್ಲಿ ತೋಳು ತುಂಬ ಕೊಡೆಕಡ್ಡಿ,
ಚರ್ಮವೇ ಬಟ್ಟೆಯಾಗಿ ಬಿಗಿದು
ಉಸಿರೆಳೆದಾಗ ಅರಳಿ, ಬಿಟ್ಟಾಗ ಮುಚ್ಚಿ...
ಡಿಪ್ಲೊಮಾ ಹುಡುಗರು ಅಯ್ಯಯ್ಯಪ್ಪ ಅಂದರು,
ಒಬ್ಬ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದ.
ನನಗೆ ನಗು.
ಇದ್ದವರಿಗೇ ಕೊಡುತ್ತಾನಲ್ಲ ದೇವರು, ಬೆರಳನ್ನೂ!

ನಡುವೆ ಟೀ. ದೇವೀರಪ್ಪ ಮೇಷ್ಟ್ರು ಎದ್ದು ಹೇಳಿದರು:
ಇದು ಬರೀ ಭಯವಲ್ಲ, ರೂಪಕ,
ಯಂತ್ರ ಮನುಷ್ಯನ ಮೈಯೊಳಕ್ಕೆ ಹೊಕ್ಕ ರೂಪಕ.
ಎರಡು ಸಲ ಕನ್ನಡಕ ಒರೆಸಿಕೊಂಡರು,
ಒಂದು ಸಲವೂ ನನ್ನತ್ತ ತಿರುಗದೆ.
ನಾನು ಲೋಟ ಹಿಡಿದಿದ್ದೆ, ಹೆಬ್ಬೆರಳು ತೋರುಬೆರಳಲ್ಲಿ;
ಚಿಟಿಕೆಗೆ ಸಾಕು, ಲೋಟಕ್ಕೆ ಸಾಲದು.

ಎಂಬತ್ತೊಂಬತ್ತು. ಕೀಲಾರದ ಆಲೆಮನೆ.
ಗಾಣಕ್ಕೆ ಜಲ್ಲೆ ಕೊಡುತ್ತಿದ್ದವಳು ಅವ್ವ,
ಅವಳು ನೀರು ಕುಡಿಯಲು ಎದ್ದ ಹೊತ್ತಿಗೆ ನಾನು.
ಜಲ್ಲೆ ಎಳೆದುಕೊಂಡಂತೆಯೇ ಎಳೆದುಕೊಂಡಿತು.
ಆ ಕೊಪ್ಪರಿಗೆಯನ್ನು ಯಾರೂ ಚೆಲ್ಲಲಿಲ್ಲ
ಎಂದು ತಿಳಿದದ್ದು ಬಹಳ ವರ್ಷದ ಮೇಲೆ.
ಬೆಲ್ಲ ಯಾವ ಸಂತೆಗೆ ಹೋಯಿತೋ.

ನನ್ನದು ಯಾತರ ರೂಪಕ, ಸಾರ್?
ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಬಿಸ್ಕತ್ತು ಬಂತು.

ಮೆಡಿಕಲ್ ಬೋರ್ಡಿನ ಕಾಗದದಲ್ಲಿ ಶೇಕಡ ನಲವತ್ತೆರಡು ನಾನು,
ಊರಿನ ಬಾಯಲ್ಲಿ ಮೊಂಡುಗೈ ಚಿಕ್ಕತಾಯಿ.
ಸಿನಿಮಾಗಳಲ್ಲಿ ಕಂಡಿದ್ದೇನೆ, ನಮ್ಮವೂ ಸೇರಿ:
ಕೈಯಿಲ್ಲದವನು ಖಳ, ಇಲ್ಲವೇ ಭಿಕ್ಷುಕ,
ಇಲ್ಲವೇ ಕೊನೆಯ ರೀಲಿಗೆ ವಾಸಿ.
ಈ ಲೆಕ್ಕಿಗನೂ ಸಂಜೆ ರಬ್ಬರು ಬಿಚ್ಚಿಟ್ಟರೆ
ಹತ್ತೂ ಇರುತ್ತವೆ, ಹತ್ತಕ್ಕೂ ಚೆಂದದ ಉಗುರು.

ಆಮೇಲೆ ಅದು ಬಂತು.
ಕಾರ್ಖಾನೆಯೊಳಗೆ ಅವನು ಓಡುತ್ತಾನೆ, ಕ್ಯಾಮೆರಾ ಬೆನ್ನಟ್ಟಿ.
ಎಡಕ್ಕೆ ಹೊಲಿಗೆ ಮಷೀನುಗಳ ಸಾಲು.
ಮೂರನೆಯದರಲ್ಲಿ ತಲೆಗೆ ಬಟ್ಟೆ ಕಟ್ಟಿದ ಹೆಂಗಸು
ಕಣ್ಣಿಗೆ ಬಿದ್ದ ಕೂದಲನ್ನು ಮಣಿಕಟ್ಟಿನಿಂದ ಸರಿಸುತ್ತಾಳೆ.
ಬೆರಳು ಮೂರಿಲ್ಲ.
ಬಣ್ಣವಿಲ್ಲ, ರಬ್ಬರಿಲ್ಲ, ಅವಳಿಗೆಂದು ಸಂಗೀತವಿಲ್ಲ.
ಸರಿಸಿ, ಮತ್ತೆ ಹೊಲಿಯುತ್ತಾಳೆ.
ಕ್ಯಾಮೆರಾ ದಾಟಿಹೋಯಿತು.

ಮುಕ್ತಿಯಾರ್, ಹಿಂದಕ್ಕೆ ಬಿಡು.
ಯಾಕಕ್ಕ?
ಬಿಡು ಅಂದ್ರೆ ಬಿಡ್ಲಾ.

ಬಿಟ್ಟ. ಇನ್ನೊಂದು ಸಲ ಅಂದೆ, ಇನ್ನೊಂದು.
ಹುಡುಗರು ಗೊಣಗಿದರು. ಲೂರ್ದು ನನ್ನ ಮೊಣಕೈ ಹಿಡಿದಳು.
ಎರಡೇ ಸೆಕೆಂಡು.
ನಾನೂ ಹಾಗೇ ಸರಿಸುವುದು, ಮಣಿಕಟ್ಟಿನಿಂದ,
ಯಾರೂ ಹೇಳಿಕೊಟ್ಟದ್ದಲ್ಲ.

ಕೊನೆಗೆ ಹೆಸರುಗಳು ಏರತೊಡಗಿದವು,
ಒಲೆಗೆ ಒಟ್ಟಿದ ಪುಳ್ಳೆಗಳಂಥ ಅಕ್ಷರ.
ಓದಬಲ್ಲವರು ಆ ಮಹಡಿಯಲ್ಲಿ ಯಾರೂ ಇಲ್ಲ.
ಅವಳದು ಇದೆಯೋ, ಬರೆದೇ ಇಲ್ಲವೋ.
ಕೂತಲ್ಲಿಂದಲೇ ಬೆಳಕಿಗೆ ಕೈ ಚಾಚಿ
ನೆರಳ ಬೆರಳಲ್ಲಿ ಒಂದು ಸಾಲು ಮುಟ್ಟಿದೆ, ಇದಿರಬಹುದು ಎಂದು.
ಅದು ಜಾರಿ ಮೇಲೆ ಹೋಯಿತು. ಅದರ ಕೆಳಗಿನದನ್ನು ಮುಟ್ಟಿದೆ.
ಪಂಚೆಯ ಅಗಲಕ್ಕೂ ನನ್ನ ಎರಡು ಬೆರಳು,
ಜರಿಯಂಚಿನವರೆಗೆ.

ಯಾರ್ರೀ ಅದು, ಕೈ ತೆಗೀರಿ! ಹಿಂದಿನಿಂದ ಕೂಗಿದರು.

ತೆಗೆದಾಗಿದೆ, ಅಂದೆ,
ಎಂಬತ್ತೊಂಬತ್ತರಲ್ಲೇ.
ಇದು ಉಳಿದದ್ದು.